ಸಚಿವರೇ, ಗುಡಿಸಲು ಆಮೇಲೆ ಕಟ್ಟೋಣ, ಮೊದಲು ಹುಡುಗರ ಫೀಸಿಗೆ ದಾರಿ ಮಾಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಲ್ಲಿ ಹಳ್ಳಿ ಬದುಕನ್ನು ಸಿಮೆಂಟಿನಲ್ಲಿ ನಿಲ್ಲಿಸಿರುವ ಉತ್ಸವ ರಾಕ್ ಗಾರ್ಡನ್ನೂ ಇದೆ. ಒಂದು ಕಡೆ ಕಲೆ ಓದುವ ಹುಡುಗರು, ಇನ್ನೊಂದು ಕಡೆ ಟಿಕೆಟ್ ಕೊಂಡು ಬರುವ ಜನ. ಇವರಿಬ್ಬರನ್ನೂ ಒಟ್ಟಿಗೆ ತನ್ನಿ ಎಂದು ಕೇಳಲು ಈ ಪತ್ರ. ಅದಕ್ಕೂ ಮುಂಚೆ ಬಹಳ ದೂರದ ಒಂದು ಊರಿನ ಕಥೆ ಹೇಳಬೇಕು. ಅಲ್ಲಿ ಕಾಲೇಜು ಹುಡುಗರು ಪ್ರವಾಸಿಗರಿಗೆ ಕಲೆ ತೋರಿಸಿ ಓದಿನ ಖರ್ಚು ಹೊಂದಿಸುತ್ತಾರೆ. ಸ್ವಲ್ಪ ಉದ್ದವಿದೆ, ದಯವಿಟ್ಟು ಓದಿ.

ಹವಾಯಿಯ ಓವಾಹು ದ್ವೀಪದ ಕರಾವಳಿಯಲ್ಲಿ ಲಾಯಿಯೆ ಎಂಬ ಸಣ್ಣ ಊರಿದೆ. ಪ್ರವಾಸಿಗರು ಮುಗಿಬೀಳುವ ವೈಕಿಕಿಯಿಂದ ಸುಮಾರು 55 ಕಿಲೋಮೀಟರ್ ದೂರ. ಅಮೆರಿಕದ ಒಂದು ಕ್ರೈಸ್ತ ಪಂಗಡವಾದ ಮಾರ್ಮನ್ ಚರ್ಚಿನವರು 1865ರಲ್ಲಿ ಇಲ್ಲಿ ಜಮೀನು ಕೊಂಡರು. 1919ರಲ್ಲಿ ದೊಡ್ಡ ಮಂದಿರ ಕಟ್ಟಿ ಮುಗಿಸಿದರು. ಅದಕ್ಕಾಗಿ ಬೇರೆ ದ್ವೀಪಗಳ ಜನರೂ ಬಂದು ನೆಲೆಸಿದರು. ಹೀಗೆ ಒಂದೇ ಊರಲ್ಲಿ ಹಲವು ದ್ವೀಪಗಳ ಮಾತು, ಅಡುಗೆ, ಕುಣಿತ ಸೇರಿಕೊಂಡವು.

ಅದು ಹವಾಯಿಯವರ ಸ್ವಂತ ಸಂಸ್ಕೃತಿ ಪೆಟ್ಟು ತಿಂದಿದ್ದ ಕಾಲ. ಬೇರೊಂದು ಪಂಗಡದ ಮಿಷನರಿಗಳ ಪ್ರಭಾವದಿಂದ 1830ರಲ್ಲೇ ಬಹಿರಂಗವಾಗಿ ಹುಲಾ ಎಂಬ ಹವಾಯಿಯ ಕುಣಿತ ಕುಣಿಯಬಾರದು ಎಂದು ರಾಣಿ ಕಾಅಹುಮನು ಆಜ್ಞೆ ಹೊರಡಿಸಿದ್ದಳು. ಆಮೇಲೆ ರಾಜ ಕಲಾಕೌವಾ ಹುಲಾವನ್ನು ಮತ್ತೆ ಅರಮನೆಯ ಅಂಗಳಕ್ಕೆ ತಂದ. ಆದರೆ 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಮಕ್ಕಳ ಬಾಯಿಂದ ಮನೆಮಾತು ಜಾರತೊಡಗಿತು.

1940ರಲ್ಲಿ ಲಾಯಿಯೆಯ ಪ್ರಾರ್ಥನಾ ಮಂದಿರ (ಆ ದೊಡ್ಡ ಮಂದಿರವಲ್ಲ, ಬೇರೆಯದು) ಸುಟ್ಟುಹೋಯಿತು. ಹೊಸದು ಕಟ್ಟಲು ದುಡ್ಡು ಬೇಕಿತ್ತು. ಊರವರು 1948ರಲ್ಲಿ ಹುಕಿಲೌ ಶುರು ಮಾಡಿದರು. ದಡದಿಂದ ಉದ್ದನೆಯ ಬಲೆ ಬೀಸಿ ಎಲ್ಲರೂ ಸೇರಿ ಎಳೆಯುವುದು. ನಮ್ಮ ಕರಾವಳಿಯ ಕೈರಂಪಣಿ ಇದೆಯಲ್ಲ, ಹೆಚ್ಚುಕಡಿಮೆ ಅಂಥದ್ದೇ. ಪ್ರವಾಸಿಗರೂ ದುಡ್ಡು ಕೊಟ್ಟು ಬಲೆಗೆ ಕೈ ಹಾಕಿದರು, ಊಟ ಮಾಡಿದರು, ಕುಣಿತ ನೋಡಿದರು. ಇದಕ್ಕೆ ಯಾವ ಇಲಾಖೆಯೂ ಯೋಜನಾ ವರದಿ ಬರೆದಿರಲಿಲ್ಲ. ನಮ್ಮ ಆಟ, ನಮ್ಮ ಊಟ ನೋಡಲು ಜನ ದೂರದಿಂದ ಬರುತ್ತಾರೆ ಅನ್ನೋದು ಊರವರಿಗೇ ಮೊದಲು ಗೊತ್ತಾಯಿತು.

1955ರಲ್ಲಿ ಚರ್ಚು ಅಲ್ಲೇ ಕಾಲೇಜು ತೆರೆಯಿತು. ಈಗ ಅದು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹವಾಯಿ ಶಾಖೆ. ಪೆಸಿಫಿಕ್ ಸಾಗರದ ಸಮೋವಾ, ಟೋಂಗಾ ದ್ವೀಪಗಳಿಂದ ಬಂದ ಮಕ್ಕಳಿಗೆ ಫೀಸು ಕಟ್ಟಲು ಕಷ್ಟವಾಗುತ್ತಿತ್ತು. ಅಷ್ಟು ಚಿಕ್ಕ ಊರಲ್ಲಿ ಕೆಲಸವಾದರೂ ಎಲ್ಲಿಂದ ಸಿಗಬೇಕು? ಕೈಯಲ್ಲಿದ್ದದ್ದು ಹಾಡು, ಕುಣಿತ. ಅದನ್ನೇ ವೈಕಿಕಿಗೆ ಒಯ್ದು ಪ್ರದರ್ಶನ ಕೊಟ್ಟರು, ಜನ ಮೆಚ್ಚಿದರು. ನ್ಯೂಜಿಲೆಂಡಿನ ಮಾವೊರಿಗಳ ನಡುವೆ ವರ್ಷಗಟ್ಟಲೆ ಇದ್ದ ಮ್ಯಾಥ್ಯೂ ಕೌಲಿ ಎಂಬ ಚರ್ಚಿನ ಹಿರಿಯರು, ಲಾಯಿಯೆಯಲ್ಲಿ ಒಂದೊಂದು ದ್ವೀಪದವರಿಗೂ ಒಂದು ಸಣ್ಣ ಹಳ್ಳಿ ಇರಬೇಕು ಎಂದು ಮೊದಲೇ ಆಸೆ ಹೇಳಿಕೊಂಡಿದ್ದರು. 1962ರಲ್ಲಿ ಚರ್ಚಿನ ಅಧ್ಯಕ್ಷ ಡೇವಿಡ್ ಮೆಕೇ ಒಪ್ಪಿಗೆ ಕೊಟ್ಟರು. ನೂರಕ್ಕೂ ಜಾಸ್ತಿ ಸ್ವಯಂಸೇವಕರು ದುಡಿದು 12 ಎಕರೆಯಲ್ಲಿ 39 ಕಟ್ಟಡ ಎಬ್ಬಿಸಿದರು. ಕುಶಲಕರ್ಮಿಗಳೂ ಸಾಮಗ್ರಿಯೂ ದಕ್ಷಿಣದ ದ್ವೀಪಗಳಿಂದ ಬಂದವು.

1963ರ ಅಕ್ಟೋಬರ್ 12ರಂದು ಪಾಲಿನೇಷ್ಯನ್ ಕಲ್ಚರಲ್ ಸೆಂಟರ್, ಅಂದರೆ ಈ ಪೆಸಿಫಿಕ್ ದ್ವೀಪಗಳ ಸಂಸ್ಕೃತಿ ಕೇಂದ್ರ, ಬಾಗಿಲು ತೆರೆಯಿತು. ಜನ ಬರಲಿಲ್ಲ! 600 ಸೀಟಿನ ರಂಗಮಂದಿರ ತುಂಬುತ್ತಿದ್ದದ್ದು ಶನಿವಾರ ಮಾತ್ರ. ಆಮೇಲೆ ಅಮೆರಿಕದ ಹಾಲಿವುಡ್ ಬೌಲ್ ವೇದಿಕೆ, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮ ಇವೆಲ್ಲ ಹೆಸರು ತಂದುಕೊಟ್ಟವು. 1960ರ ದಶಕ ಮುಗಿಯುವ ಹೊತ್ತಿಗೆ ಸೀಟುಗಳು 1,300 ಆದವು. 1976ರಲ್ಲಿ ಸುಮಾರು 2,800 ಜನ ಕೂರುವ ಹೊಸ ರಂಗಮಂದಿರವೇ ಬಂತು. ಈಗ ಜಾಗ 42 ಎಕರೆ. ಹವಾಯಿ, ಸಮೋವಾ, ಟೋಂಗಾ, ಟಹೀಟಿ, ಫಿಜಿ ಮತ್ತು ನ್ಯೂಜಿಲೆಂಡಿನ ಮಾವೊರಿಗಳ ಹಳ್ಳಿಗಳಿವೆ.

ಮುಖ್ಯ ಸಂಗತಿ ಈಗ ಬರುತ್ತದೆ. ಸಮೋವಾ ಹಳ್ಳಿಯಲ್ಲಿ ಕಟ್ಟಿಗೆ ಉಜ್ಜಿ ಬೆಂಕಿ ಹೊತ್ತಿಸಿ, ತೆಂಗಿನಕಾಯಿ ಒಡೆದು, ನಡುನಡುವೆ ಜೋಕು ಹೊಡೆಯುವ ಹುಡುಗ ಬೆಳಗ್ಗೆ ಲೆಕ್ಕಶಾಸ್ತ್ರದ ಕ್ಲಾಸಿನಲ್ಲಿ ಕೂತು ಬಂದವನಿರಬಹುದು. ಕುಣಿಯುವವರು, ದೋಣಿ ನಡೆಸುವವರು, ಊಟ ಬಡಿಸುವವರಲ್ಲಿ ಬಹಳಷ್ಟು ಮಂದಿ ಪಕ್ಕದ ವಿಶ್ವವಿದ್ಯಾಲಯದವರೇ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯೊಳಗೆ ಕೆಲಸ. ಆ ದುಡಿಮೆ ಓದಿನ ಖರ್ಚಿಗೆ ಹೋಗುತ್ತದೆ. ಉಳಿದದ್ದಕ್ಕೆ ನೆರವು ಮತ್ತು ಸಾಲ ಸಿಗುವ ಯೋಜನೆಯೂ ಇದೆ. ಓದು ಮುಗಿಸಿ ತವರಿಗೆ ಹೋಗಿ ನೆಲೆಸಿದರೆ ಆ ಸಾಲ ಹಂತಹಂತವಾಗಿ ಮನ್ನಾ ಆಗುತ್ತದೆ. ಈ ಕೊನೆಯ ಷರತ್ತು ನನಗೆ ಬಹಳ ಹಿಡಿಸಿತು. ಕಲಿತವನು ಊರಿಗೇ ಮರಳಲಿ ಎಂದು ಬರೀ ಭಾಷಣ ಮಾಡದೆ, ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ.

ಎಲ್ಲ ಚೆನ್ನಾಗಿದೆ ಅಂತೇನೂ ನಾನು ಹೇಳುತ್ತಿಲ್ಲ. ಒಂದು ಜನಾಂಗದ ಬದುಕನ್ನು ಅರ್ಧ ಗಂಟೆಯ ನಗೆಯಾಟಕ್ಕೆ ಇಳಿಸಿದ್ದಾರೆ ಎಂದು ವಿದ್ವಾಂಸರು ಟೀಕಿಸಿದ್ದಾರೆ. ಚರ್ಚಿನ ನೀತಿಗೆ ಒಗ್ಗದ ಉಡುಗೆ, ಒಗ್ಗದ ಕಥೆ ಅಲ್ಲಿ ಕಾಣುವುದಿಲ್ಲ. 1893ರಲ್ಲಿ ಹವಾಯಿಯ ರಾಣಿಯನ್ನು ಕೆಳಗಿಳಿಸಿದ ನೋವು ಪ್ರವಾಸಿಗರ ಸಂಜೆಗೆ ಹೊಂದುವಂಥದ್ದಲ್ಲ. ಒಂದು ದ್ವೀಪದವರು ಇನ್ನೊಂದು ದ್ವೀಪದ ಕುಣಿತ ಕುಣಿಯುವುದೂ ಉಂಟು. ಪ್ರವಾಸಿಗರನ್ನೇ ನಂಬಿದರೆ ಏನಾಗುತ್ತದೆ ಎಂದು ಕೋವಿಡ್ ತೋರಿಸಿತು: 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ತೆರೆದದ್ದು 2021ರ ಜನವರಿಯಲ್ಲಿ. ನಮ್ಮಲ್ಲಿ ಚರ್ಚಿನ ಜಾಗದಲ್ಲಿ ಸರ್ಕಾರ ಕೂತಿರುತ್ತದೆ, ಕತ್ತರಿ ಮಾತ್ರ ಅದೇ. ಆದ್ದರಿಂದ ಏನು ತೋರಿಸಬೇಕು, ಏನು ಬಿಡಬೇಕು ಅನ್ನುವುದನ್ನು ಡೊಳ್ಳಿನವರು, ಗೀಗೀ ಪದದವರು, ದೊಡ್ಡಾಟದ ಮೇಳದವರು, ಲಂಬಾಣಿ ತಾಂಡಾದವರು ತೀರ್ಮಾನಿಸಲಿ, ಅಧಿಕಾರಿಗಳು ಬೇಡ.

ಲಾಯಿಯೆಯಲ್ಲಿ ಕಾಲೇಜೂ ಕೇಂದ್ರವೂ ಒಂದೇ ಮನೆಯವರದ್ದು, ಹಾಗಾಗಿ ಸಲೀಸಾಯಿತು. ಗೊಟಗೋಡಿಯ ರಾಕ್ ಗಾರ್ಡನ್ ಖಾಸಗಿಯವರದ್ದು, ಸರ್ಕಾರ ಅವರೊಂದಿಗೆ ಕೂತು ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ. ಅವರು ಒಲ್ಲೆ ಅಂದರೆ ವಿಶ್ವವಿದ್ಯಾಲಯದ ಅಂಗಳವೇ ಸಾಕು. ಪ್ರದರ್ಶನಕ್ಕೆಂದು ಹೊಸ ಗುಡಿಸಲು, ಹೊಸ ಕಮಾನು, ಹೊಸ ಶಿಲಾನ್ಯಾಸ ಸದ್ಯಕ್ಕೆ ಬೇಡ. ಮುಂದಿನ ಶೈಕ್ಷಣಿಕ ವರ್ಷದಿಂದ 30 ವಿದ್ಯಾರ್ಥಿಗಳಿಗೆ ಶನಿವಾರ, ಭಾನುವಾರ ಗಂಟೆ ಲೆಕ್ಕದ ಕೆಲಸ ಕೊಡಿ. ಕೂಲಿ ತಿಂಗಳು ತಿಂಗಳು ಅವರ ಖಾತೆಗೆ ಬೀಳಲಿ. ನಮ್ಮಪ್ಪನ ಮೇಳದ ಸಂಭಾವನೆಯ ಹಾಗೆ ಕಚೇರಿ ಕಚೇರಿ ಅಲೆಯುವಂತಾಗಬಾರದು. ಅವರಿಗೆ ಕಲಿಸಲು ಬರುವ ಊರ ಕಲಾವಿದರಿಗೂ ಸಂಬಳ ಗೊತ್ತುಮಾಡಿ, ಡಿಗ್ರಿ ಕೇಳಬೇಡಿ.

ಮೊದಮೊದಲು ಶನಿವಾರ ಮಾತ್ರ ಜನ ಬರಬಹುದು. ಹಾಗಂತ ಒಂದೇ ವರ್ಷಕ್ಕೆ ಯೋಜನೆ ನಿಲ್ಲಿಸಬೇಡಿ. ಆದೇಶದಲ್ಲೇ ಐದು ವರ್ಷ ಎಂದು ಬರೆಸಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಮತದಾರ