ವಿಷಯ: ನಾನು ಪಾಸಾದ 3 ಕ್ರೆಡಿಟ್ ಅಂಕಪಟ್ಟಿಗೆ ಸೇರದಿರುವ ಬಗ್ಗೆ

ಇವರಿಗೆ,
ಕುಲಸಚಿವರು (ಮೌಲ್ಯಮಾಪನ)

ಮಾನ್ಯರೇ,

ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರವೇ ಬಂದಿಲ್ಲ. ಫೋನ್ ಮಾಡಿದ್ದಕ್ಕಂತೂ ಲೆಕ್ಕವಿಲ್ಲ.

ನಾನು ಚಿಂತಾಮಣಿಯವಳು, ಬಿ.ಕಾಂ. ಕೊನೆಯ ವರ್ಷ. ಕಾಲೇಜು ಮುಗಿಸಿಕೊಂಡು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಲೇಜಿನಿಂದ ಮೊದಲೇ ಒಪ್ಪಿಗೆ ಪತ್ರ ತಗೊಂಡು, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ 12 ವಾರದ ಅಕೌಂಟಿಂಗ್ ಕೋರ್ಸಿಗೆ ಸೇರಿದೆ. ರಾತ್ರಿ ರೈತರ ಪಟ್ಟಿ ಬರೆದು ಮುಗಿಸಿ ಪಾಠ ಕೇಳುತ್ತಿದ್ದೆ. 1000 ರೂಪಾಯಿ ಕಟ್ಟಿ, ಬೆಂಗಳೂರಿನ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದೆ. ಅಸೈನ್‌ಮೆಂಟಿಗೆ 25ಕ್ಕೆ 22, ಪರೀಕ್ಷೆಗೆ 75ಕ್ಕೆ 49. ಆ 3 ಕ್ರೆಡಿಟ್ ನನ್ನ ಎಬಿಸಿ ಖಾತೆಯಲ್ಲಿ (ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮಾ ಇಡುವ ಸರ್ಕಾರಿ ಆನ್‌ಲೈನ್ ಖಾತೆ) ಕಾಣುತ್ತಿದೆ. ನಿಮ್ಮ ಅಂಕಪಟ್ಟಿಯಲ್ಲಿ ಮಾತ್ರ ಇಲ್ಲ.

ಕಾಲೇಜಿನವರು ಯೂನಿವರ್ಸಿಟಿಗೆ ಹೋಗು ಅಂದರು. ಹೋದ ಸೋಮವಾರ ಒಂದು ದಿನದ ಸಂಬಳ ಬಿಟ್ಟು, ಮೊದಲ ಬಸ್ ಹಿಡಿದು ಬಂದೆ. ಎರಡೂವರೆ ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನಲ್ಲಿದ್ದವರು ನನ್ನ ಸರ್ಟಿಫಿಕೇಟ್ ತಗೊಂಡರು. ಓದಲಿಲ್ಲ. ಮೇಜಿನ ಮೇಲಿಟ್ಟು, ಅದರ ಮೇಲೆ ಟೀ ಲೋಟ ಇಟ್ಟರು.

"ಏನಮ್ಮಾ, ಮೊಬೈಲ್ ನೋಡ್ಕೊಂಡು ಪಾಸಾದ್ದನ್ನೆಲ್ಲ ಡಿಗ್ರಿಗೆ ಸೇರಿಸೋಕಾಗುತ್ತಾ?"

"ಪರೀಕ್ಷೆ ಕೇಂದ್ರದಲ್ಲೇ ಬರೆದಿದ್ದು ಸಾರ್" ಅಂದೆ.

"ಯಾರು ಬರೆದ್ರೋ ಏನೋ."

ಹಿಂದೆ ನಿಂತಿದ್ದ ಹುಡುಗರು ನಕ್ಕರು. ನನ್ನ ಕೈ ನಡುಗುತ್ತಿತ್ತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರತಿ ತೆಗೆದು ಕೊಟ್ಟೆ. "ಮೂರು ಕ್ರೆಡಿಟ್‌ಗೆ ಇಷ್ಟೊಂದು ಗಲಾಟೆನಾ? ಮುಂದಿನವರು ಬನ್ರಿ" ಅಂತ ತಳ್ಳಿಬಿಟ್ಟರು. ಸರ್ಟಿಫಿಕೇಟಿನ ಕ್ಯೂಆರ್ ಕೋಡ್ ಮೇಲೆಯೇ ಲೋಟದ ದುಂಡನೆ ಕಲೆ ಬಿದ್ದಿದೆ. ಆ ಸರ್ಟಿಫಿಕೇಟನ್ನೇ ಇದರ ಜೊತೆ ಇಟ್ಟಿದ್ದೇನೆ, ನೋಡಿ.

ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಬಹುದು ಅಂತ 2021ರ ಯುಜಿಸಿ ನಿಯಮವೇ ಹೇಳುತ್ತದೆ. ನಾನು ಮಾಡಿದ್ದು ಒಂದೇ ಕೋರ್ಸ್. ಈ ನಿಯಮ ನಿಮಗೆ ಗೊತ್ತಿರಲೇಬೇಕು ಅಲ್ವಾ? ಅದನ್ನು ಪ್ರಿಂಟ್ ಹಾಕಿಸಿ ನಿಮ್ಮ ಕೌಂಟರಿಗೆ ತಂದುಕೊಡುವುದು ವಿದ್ಯಾರ್ಥಿಯ ಕೆಲಸವಾ?

ನಮ್ಮ ಮಂಡಿಯಲ್ಲಿ ರೈತನ ಮೂರು ಬಾಕ್ಸ್ ಪಟ್ಟಿಯಿಂದ ಬಿಟ್ಟುಹೋದರೆ ಸಂಜೆಯೊಳಗೆ ಸರಿಮಾಡಿ ಕೊಡಬೇಕು. ಸುಮ್ನೆ ಕಳಿಸಿದರೆ ಅವನು ಬಿಡುವುದಿಲ್ಲ. ನಾನೂ ಬಿಡುವುದಿಲ್ಲ.

ಇದೇ ಪತ್ರದ ಇನ್ನೊಂದು ಪ್ರತಿ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗಿದೆ. ಯುಜಿಸಿಯ 2023ರ ನಿಯಮದಂತೆ ಅವರು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲೂ ಆಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗುತ್ತೇನೆ. ನನ್ನ ಮೂರು ಪತ್ರಗಳ ಮೇಲೆ ಯಾರು ಏನು ಟಿಪ್ಪಣಿ ಬರೆದರು ಅಂತ ಮಾಹಿತಿ ಹಕ್ಕಿನಲ್ಲೂ ಕೇಳುತ್ತೇನೆ. ಅದಕ್ಕೆ 10 ರೂಪಾಯಿ ಸಾಕು.

ನನ್ನ ಜೊತೆ ಈ ಕೋರ್ಸ್ ಪಾಸಾದವರು ಇನ್ನೂ ಆರು ಜನ ಇದ್ದಾರೆ. ಅವರ ಅಂಕಪಟ್ಟಿಯಲ್ಲೂ ಕ್ರೆಡಿಟ್ ಇಲ್ಲ. ಮುಂದಿನ ಸಲ ಆ ಕೌಂಟರಿಗೆ ನಾನೊಬ್ಬಳೇ ಬರುವುದಿಲ್ಲ.

ಇತಿ,
ನೊಂದ ವಿದ್ಯಾರ್ಥಿನಿ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ