ಗುಳೆ ಹೋದ ಗರ್ಭಿಣಿ ಯಾವ ಪಂಚಾಯಿತಿಯ ಹೊಣೆ?

ಮಾನ್ಯ ಸಂಪಾದಕರೇ,

ಬಾಣಂತಿಯರ ಸಾವು ಸುದ್ದಿಯಾದಾಗಲೆಲ್ಲ ನಮ್ಮ ಚರ್ಚೆ ಹೆರಿಗೆ ವಾರ್ಡಿನ ಸುತ್ತಲೇ ಸುತ್ತುತ್ತದೆ. ಆಸ್ಪತ್ರೆಯ ಲೋಪವನ್ನು ಪ್ರಶ್ನಿಸಲೇಬೇಕು, ನಿಜ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದರೂ, ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ ಮತ್ತು ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಕೊರತೆ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ ಊರಿನಲ್ಲಿ, ಪಂಚಾಯಿತಿಯ ಕಣ್ಣಳತೆಯಲ್ಲೇ ಬೆಳೆದದ್ದು.

ಯಾದಗಿರಿ, ರಾಯಚೂರು ಜಿಲ್ಲೆಗಳ ತಾಂಡಾಗಳಲ್ಲಿ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಐದಾರು ತಿಂಗಳ ಗರ್ಭಿಣಿಯೂ ಗಂಡನ ಜೊತೆ ಬಸ್ಸು ಹತ್ತುತ್ತಾಳೆ. ಅವಳ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7.8 ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ಆದರೆ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮುಂದಿನ ತಿಂಗಳು ಅವಳ ಹೆಸರಿನೆದುರು ‘ಊರಲ್ಲಿಲ್ಲ’ ಎಂಬ ಷರಾ ಮಾತ್ರ ಬೀಳುತ್ತದೆ. ಕಬ್ಬಿಣಾಂಶದ ಚುಚ್ಚುಮದ್ದನ್ನು ಯಾರು, ಎಲ್ಲಿ ಕೊಡಿಸಬೇಕು? ಗುಳೆ ಹೋಗದವರ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಮನೆಗೇ ಹೋಗಿ ನೋಡಬೇಕೆಂಬ ನಿಯಮವಿದೆ. ಗಂಡನ ಊರಿನ ಆಶಾ ‘ಅವಳು ತವರಿಗೆ ಹೋಗಿದ್ದಾಳೆ’ ಎನ್ನುತ್ತಾರೆ, ತವರೂರಿನವರು ‘ಅವಳು ನಮ್ಮ ಲಿಸ್ಟಿನಲ್ಲಿಲ್ಲ’ ಎನ್ನುತ್ತಾರೆ. ಕಡಿಮೆ ತೂಕದ ಕೂಸಿಗೆ ಅತ್ಯಂತ ನಾಜೂಕಾದ ದಿನಗಳು ಈ ಎರಡು ಉತ್ತರಗಳ ನಡುವೆಯೇ ಕಳೆದುಹೋಗುತ್ತವೆ.

ಆಶಾ ಆರೋಗ್ಯ ಇಲಾಖೆಗೆ ಸೇರಿದವರು, ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಪಂಚಾಯತ್ ರಾಜ್ ಇಲಾಖೆಗೆ. ಈ ಮೂವರನ್ನೂ ಒಂದೆಡೆ ಕೂರಿಸಬಲ್ಲ ಸಂಸ್ಥೆ ಊರಿನಲ್ಲಿ ಇರುವುದು ಗ್ರಾಮ ಪಂಚಾಯಿತಿಯೊಂದೇ, ಮತ್ತು ಅದಕ್ಕೆ ಬೇಕಾದ ವೇದಿಕೆಯೂ ಕಾಗದದಲ್ಲಿ ಈಗಾಗಲೇ ಸಿದ್ಧವಿದೆ. ಪಂಚಾಯಿತಿ ಸದಸ್ಯರು ಅಧ್ಯಕ್ಷರಾಗಿರುವ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯನ್ನು (ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ಹಣ) ನಿಗದಿ ಮಾಡಲಾಗಿದೆ. ನಾನು ಕಂಡಷ್ಟು ಕಡೆ ಈ ಹಣ ಬ್ಲೀಚಿಂಗ್ ಪೌಡರಿಗೆ ಮತ್ತು ಗೋಡೆ ಬರಹಕ್ಕೆ ಮುಗಿಯುತ್ತಿತ್ತು. ಪ್ರತಿ ತಿಂಗಳ 9ರಂದು ನಡೆಯುವ ವೈದ್ಯರ ಗರ್ಭಿಣಿ ತಪಾಸಣೆಗೆ ದೂರದ ತಾಂಡಾದ ಹೆಣ್ಣುಮಗಳನ್ನು ಆಟೊದಲ್ಲಿ ಕರೆದೊಯ್ಯಲು ಅದನ್ನು ಬಳಸಬಹುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಪಾಠವೂ ಇಲ್ಲಿ ಪ್ರಸ್ತುತ. ಬಿಸಿಯೂಟದ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಎಂಟು ತಿಂಗಳ ಬಸುರಿಯೋ ಹಸಿ ಬಾಣಂತಿಯೋ ಮಧ್ಯಾಹ್ನದ ಬಿಸಿಲಿನಲ್ಲಿ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕೆಂಬ ನಿಯಮವನ್ನು, ಮನೆಗಳು ಚದುರಿಹೋಗಿರುವ ಮಲೆನಾಡು ಮತ್ತು ಕರಾವಳಿಗೂ ಒಂದೇ ಅಳತೆಯಲ್ಲಿ ಹೇರುವ ಮೊದಲು ಪಂಚಾಯಿತಿಗಳನ್ನು ಕೇಳಿದ್ದರೆ ಕಷ್ಟ ಮೊದಲೇ ತಿಳಿಯುತ್ತಿತ್ತು.

ಆದ್ದರಿಂದ ಸರ್ಕಾರಕ್ಕೆ ನನ್ನ ಕೋರಿಕೆ ಹೊಸ ಯೋಜನೆಯಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ತಿಂಗಳಿಗೊಮ್ಮೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಒಟ್ಟಿಗೆ ಕುಳಿತು, ಅಪಾಯದಂಚಿನಲ್ಲಿರುವ ಗರ್ಭಿಣಿಯರ ಮತ್ತು ಕಡಿಮೆ ತೂಕದ ಶಿಶುಗಳ ಒಂದೇ ಪಟ್ಟಿಯನ್ನು ನೋಡಲಿ. ಹೆಸರುಗಳನ್ನು ಸಭೆಯಲ್ಲಿ ಕೂಗಿ ಹೇಳಬೇಕಿಲ್ಲ, ಅದು ಆ ಹೆಣ್ಣುಮಕ್ಕಳ ಮಾನದ ಪ್ರಶ್ನೆ. ಗುಳೆಗೋ ತವರಿಗೋ ಹೊರಟವರ ವಿವರವನ್ನು ಅವರು ಸೇರಲಿರುವ ಊರಿನ ಪಂಚಾಯಿತಿಗೆ ಅಥವಾ ನಗರದ ಪಾಲಿಕೆಗೆ ಅದೇ ವಾರ ಫೋನಿನಲ್ಲಿ ತಿಳಿಸುವ ಹೊಣೆ ಪಿಡಿಒಗೆ ಇರಲಿ. ಆಚೆ ಕಡೆಯವರು ಆಕೆಯನ್ನು ನೋಡಿ ಬಂದೆವೆಂದು ಖಚಿತಪಡಿಸುವವರೆಗೆ ಹಳೆಯ ಊರಿನ ಪಟ್ಟಿಯಿಂದ ಹೆಸರು ತೆಗೆಯಕೂಡದು.

ಇದನ್ನು ಮೇಲಿನಿಂದ ಪ್ರಶ್ನಿಸಬೇಕಾದದ್ದು ಜಿಲ್ಲಾ ಪಂಚಾಯಿತಿ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳ ಕೈಗೆ ಕೊಟ್ಟ ರಾಜ್ಯದಲ್ಲಿ, ‘ಊರಲ್ಲಿಲ್ಲ’ ಎಂಬ ಷರಾ ಬರೆದವರನ್ನು ಕೇಳುವ ಚುನಾಯಿತ ಸದಸ್ಯರು ಎಲ್ಲಿದ್ದಾರೆ?

– ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ, ಯಾದಗಿರಿ ಜಿಲ್ಲೆ