ತಮ್ಮನಿಗೆ ಅಕ್ಕನ ಪತ್ರ

ಸಾಗರ, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆಗ ಬಾಯಿಗೆ ಬಾರದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಮಗ ಪುಟ್ಟ ಮಧ್ಯಾಹ್ನದವರೆಗೆ ಏಳುವುದಿಲ್ಲ, ಮಾತನಾಡಿಸಿದರೆ ಸಿಡುಕುತ್ತಾನೆ, ಕಾಲೇಜಿಗೆ ಹೋಗದೆ ಮೂರು ವಾರವಾಯಿತು ಎಂದೆ. ಎಲ್ಲ ಸೋಮಾರಿತನ ಎಂದೂ ಅಂದೆ. ಆ ಮಾತನ್ನು ಬಿಡು. ಹದಿಹರೆಯದಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಡುಕಾಗಿಯೇ ಹೊರಬೀಳುತ್ತದೆ. ಹೈಸ್ಕೂಲಿನಲ್ಲಿ ಮೇಜಿಗೆ ತಲೆಯಿಟ್ಟು ಮಲಗುತ್ತಿದ್ದ ಒಬ್ಬ ಹುಡುಗನನ್ನು ಸೋಮಾರಿ ಎಂದು ಬೈದು ಇಡೀ ತರಗತಿಯ ಮುಂದೆ ನಿಲ್ಲಿಸಿದವಳು ನಾನು. ಅವನು ಓದು ಬಿಟ್ಟ ಮೇಲೆ ಅವನ ತಾಯಿ ಬಂದು, ರಾತ್ರಿಯಿಡೀ ಗೋಡೆ ನೋಡುತ್ತ ಕೂರುತ್ತಿದ್ದ ಟೀಚರ್ ಎಂದಳು. ಆ ತಪ್ಪು ಇಂದಿಗೂ ನನ್ನನ್ನು ಸುಡುತ್ತದೆ. ನಿನ್ನಿಂದ ಅದು ಆಗಬಾರದು.

ಮಾತ್ರೆ ಶುರು ಮಾಡಿ ಹತ್ತು ದಿನವಾದರೂ ಗುಣವಿಲ್ಲ ಎಂದೆಯಲ್ಲ, ಇಂಥ ಮಾತ್ರೆ ಹಿಡಿಯಲು ಕೆಲವು ವಾರಗಳೇ ಬೇಕು. ನೀನಾಗಿಯೇ ನಿಲ್ಲಿಸಬೇಡ. ಈ ಮೊದಲ ವಾರಗಳಲ್ಲಿ ಅವನ ಮೇಲೆ ಹೆಚ್ಚು ಕಣ್ಣಿಡು, ಚಡಪಡಿಕೆ ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ಹೇಳು. ಮಾತ್ರೆ ನಿನ್ನ ಬೀರುವಿನಲ್ಲಿ ಬೀಗದೊಳಗೇ ಇರಲಿ.

ಇನ್ನೊಂದು, ಬರೆಯಲು ಕೈ ನಡುಗುತ್ತದೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವನನ್ನು ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳುವವರಿದ್ದಾರೆಂದು ಮಗುವಿಗೆ ಉಸಿರು ಬರುತ್ತದೆ. ಹೌದು ಎಂದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು, ರಾತ್ರಿಯಾದರೂ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ನಿನಗೆ ತಡೆಯಲಾಗದ ದಿನ ನೀನೂ ಮಾಡು.

ಪಿಯುಸಿ ವರ್ಷ ಹಾಳಾಯಿತೆಂದು ಅವನೆದುರು ಹಲುಬಬೇಡ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ.

ಅವನ ಅಮ್ಮನಿಗೆ ನೀನು ಇನ್ನೂ ಏನೂ ತಿಳಿಸಿಲ್ಲ. ಇದೊಂದು ನನಗೆ ಒಪ್ಪಿಗೆಯಿಲ್ಲ. ನಿನ್ನ ಕೈಯಲ್ಲಿ ಮಗ ಹೀಗಾದ ಎನ್ನುತ್ತಾಳೆಂಬ ಅಂಜಿಕೆ ನಿನಗೆ. ಅಂದರೆ ಅನ್ನಲಿ, ಕೇಳಿಸಿಕೋ. ಅವನು ಮೈಸೂರಿಗೆ ಹೋಗುವ ಶನಿವಾರ ಮಾತ್ರೆಯನ್ನು ಅವಳ ಕೈಗೇ ಕೊಟ್ಟು, ಯಾವ ಹೊತ್ತಿಗೆ ಯಾವುದು ಎಂದು ವಿವರಿಸಬೇಕು. ಅಪ್ಪನ ಮನೆಯ ಗುಟ್ಟನ್ನು ಅಮ್ಮನ ಮನೆಯಲ್ಲಿ ಕಾಯುವ ಕೆಲಸವನ್ನು ಆ ಹುಡುಗನಿಗೆ ಹೊರಿಸಬೇಡ.

ಸಂಜೆ ಅವನ ಕೋಣೆಯಲ್ಲಿ ಸುಮ್ಮನೆ ಕೂತುಕೋ. ಪ್ರಶ್ನೆ ಬೇಡ, ಬುದ್ಧಿಮಾತಂತೂ ಬೇಡವೇ ಬೇಡ. ಎದ್ದು ಹೋಗು ಎಂದರೆ ಹೋಗು, ಮರುದಿನ ಮತ್ತೆ ಕೂರು.

ಗುರುವಾರ ರಾತ್ರಿಯ ರೈಲಿಗೆ ಹೊರಡುತ್ತೇನೆ. ಅತ್ತೆ ತನಗಾಗಿ ಬರುತ್ತಿದ್ದಾಳೆಂದು ಅವನಿಗೆ ಹೇಳಬೇಡ, ಕಣ್ಣಿನ ತಪಾಸಣೆಗೆ ಎನ್ನು, ಅದೂ ಬಾಕಿಯಿದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಹೊಸ ಭರಣಿ ತೆಗೆದಿದ್ದೇನೆ. ಮೊಸರನ್ನ ಅವನಿಗೆ ಈಗಲೂ ಇಷ್ಟವೇ?

ನಿನ್ನ ಅಕ್ಕ